ಡ್ರಿಪ್ಪಲ್ಲಿ ಬಿಟ್ಟ ಸೆಲ್ಲು ಮೂಳೆಗೆ ಹೇಗೆ ಸೇರುತ್ತೆ? – ಓದುಗರು ಕೇಳಿದ್ದು, ಡಾಕ್ಟ್ರು ಹೇಳಿದ್ದು

ಹೋದ ಸಂಚಿಕೇಲಿ ಬ್ಲಡ್ ಕ್ಯಾನ್ಸರ್ ಬಗ್ಗೆ ಬರೀತಾ ಕೊನೇಲಿ "ಕೆಲವರಿಗೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡ್ತಾರೆ" ಅಂತ ಒಂದೇ ಸಾಲು ಹಾಕಿ ಕೈ ತೊಳ್ಕೊಂಡಿದ್ದೆ. ಸ್ಟೆಮ್ ಸೆಲ್ ಅಂದ್ರೆ ರಕ್ತಕಣಗಳನ್ನೆಲ್ಲ ಹುಟ್ಟಿಸೋ ಮೂಲ ಜೀವಕೋಶ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಲೇಖನಕ್ಕೆ ಬರ್ಲಿಲ್ಲ, ಅದ್ರಲ್ಲೂ ಕೊಡಗಿಂದಾನೇ ಜಾಸ್ತಿ. ನಾನೂ ಅದೇ ಮಳೇಲಿ ನೆಂದು ಬೆಳೆದವಳು, ಹಂಗಾಗಿ ಈ ತಿಂಗಳು ಪೂರ್ತಿ ಅವರಿಗೇ. ಹೆಸರು ಹಾಕ್ತಿಲ್ಲ, ಊರು ಮಾತ್ರ. ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ ನಾನೇ ಸ್ಟೆಮ್ ಸೆಲ್ ಕೊಟ್ಟೆ. ಟ್ರಾನ್ಸ್‌ಪ್ಲಾಂಟ್ ಅಂದ್ರೆ ಆಪರೇಷನ್ ಥಿಯೇಟರ್, ಮೂಳೆ ಕೊರೆಯೋದು ಅಂತೆಲ್ಲ ಅಂದ್ಕೊಂಡಿದ್ವಿ. ನೋಡಿದ್ರೆ ಒಂದು ಚೀಲ ತಂದು ಅವನ ಎದೆಗೆ ಹಾಕಿದ್ದ ಪೈಪಿಗೆ ಡ್ರಿಪ್ ಥರ ಹಾಕಿದ್ರು, ಸ್ವಲ್ಪ ಹೊತ್ತಲ್ಲಿ ಮುಗೀತು, ಅಷ್ಟೇ. ನಾನು ಕಾಫಿ ತೋಟದವನು. ಗಿಡ ನೆಡಬೇಕಂದ್ರೆ ಗುಂಡಿ ತೋಡಿ, ಗಿಡ ನೆಟ್ಟಗೆ ನಿಲ್ಸಿ, ಸುತ್ತ ಮಣ್ಣು ತುಳೀಬೇಕು. ಇಲ್ಲಿ ಸುಮ್ನೆ ರಕ್ತಕ್ಕೆ ಬಿಟ್ರೆ ಅವು ಮೂಳೆ ಒಳಗೇ ಹೋಗಿ ಕೂರಬೇಕು ಅಂತ ಅವಕ್ಕೆ ಹೇಳೋರು ಯಾರು? – ಸಿದ್ದಾಪುರ

ಉತ್ತರ: ಯಾರೂ ಹೇಳಬೇಕಾಗಿಲ್ಲ ಸರ್, ಅವಕ್ಕೆ ಆ ದಾರಿ ಹಳೇದು. ನಾವು ತಾಯಿ ಹೊಟ್ಟೇಲಿ ಇರುವಾಗ ರಕ್ತ ತಯಾರಾಗೋದು ಬಹುಪಾಲು ಲಿವರ್‌ನಲ್ಲಿ. ಮೂಳೆ ಗಟ್ಟಿಯಾಗಿ ಒಳಗೆ ಟೊಳ್ಳು ಜಾಗ ಆದ್ಮೇಲೆ ಸ್ಟೆಮ್ ಸೆಲ್‌ಗಳು ಲಿವರ್ ಬಿಟ್ಟು ರಕ್ತದಲ್ಲಿ ತೇಲ್ಕೊಂಡು ಬಂದು ಆ ಟೊಳ್ಳಲ್ಲಿರೋ ಮಜ್ಜೆ ಸೇರ್ಕೊಳ್ತವೆ. ಅಂದ್ರೆ ನಾವು ಹುಟ್ಟೋಕೆ ಮುಂಚೆನೇ ಒಂದ್ಸಲ ಮನೆ ಬದಲಾಯಿಸಿ ಅಭ್ಯಾಸ ಇರೋ ಜಾತಿ ಅದು. ಅಷ್ಟೇ ಅಲ್ಲ, ದೊಡ್ಡವರಾದ್ಮೇಲೂ ಒಂದಿಷ್ಟು ಸ್ಟೆಮ್ ಸೆಲ್ ಮಜ್ಜೆಯಿಂದ ರಕ್ತಕ್ಕೆ ಬಂದು ಒಂದು ರೌಂಡ್ ಹೊಡೆದು ವಾಪಸ್ ಹೋಗಿ ಕೂರ್ತವೆ, ಇದನ್ನ 2001ರಲ್ಲಿ ಇಲಿಗಳಲ್ಲಿ ತೋರಿಸಿದ್ರು. ನಿಮ್ಮ ಡಾಕ್ಟ್ರು ಡ್ರಿಪ್ ಹಾಕಿದ್ದು ಶಾರ್ಟ್‌ಕಟ್ ಅಲ್ಲ, ಅವು ಮೊದ್ಲಿಂದ ಓಡಾಡ್ತಿದ್ದ ರಸ್ತೇಗೇ ಬಿಟ್ಟಿದ್ದು.

ಈಗ ಆ ರಸ್ತೇಲಿ ಏನಾಗುತ್ತೆ ಅಂದ್ರೆ, ಚೀಲದಿಂದ ಹೊರಟಿದ್ದು ಮೊದಲು ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಹೃದಯಕ್ಕೆ, ಆಮೇಲೆ ಇಡೀ ಮೈಗೆ. ಬೇಕಾದಷ್ಟು ಸೆಲ್ಲು ಶ್ವಾಸಕೋಶ, ಲಿವರ್, ಗುಲ್ಮ (ಸ್ಪ್ಲೀನ್) ಇಲ್ಲೆಲ್ಲ ಸಿಕ್ಕಾಕ್ಕೊಂಡು ಹಂಗೇ ಹಾಳಾಗ್ತವೆ, ಅದಕ್ಕೇ ಲೆಕ್ಕ ಹಾಕಿ ಕೊಡೋದು. ಸಿಡಿ34 ಅನ್ನೋ ಗುರುತು ಇರೋ ಸೆಲ್ಲು ರೋಗಿಯ ತೂಕದ ಒಂದು ಕಿಲೋಗೆ ಕನಿಷ್ಠ 20 ಲಕ್ಷ ಬೇಕು ಅಂತ ನೋಡ್ತೀವಿ, 60 ಕಿಲೋ ಮನುಷ್ಯನಿಗೆ 12 ಕೋಟಿ ಆಯ್ತು. ಅದ್ರಲ್ಲೂ ಜೀವಮಾನವಿಡೀ ರಕ್ತ ಮಾಡ್ತಾ ಇರೋ ಅಸಲಿ ಸ್ಟೆಮ್ ಸೆಲ್ ಇರೋದು ಬಹಳ ಕಮ್ಮಿ.

ಮಜ್ಜೆ ಒಳಗಿನ ರಕ್ತನಾಳ ಇದ್ಯಲ್ಲ, ಅದು ಅಗಲ, ಗೋಡೆ ತೆಳು, ಹರಿವು ನಿಧಾನ. ಆ ಗೋಡೆ ಮೇಲೆ ಸೆಲೆಕ್ಟಿನ್ ಅನ್ನೋ ಪ್ರೋಟೀನ್ ಇರುತ್ತೆ, ಸ್ಟೆಮ್ ಸೆಲ್ಲು ಅದಕ್ಕೆ ತಾಗಿ ತಾಗಿ ಉರುಳ್ತಾ ಸ್ಪೀಡ್ ಕಳ್ಕೊಳ್ಳುತ್ತೆ, ಸಂಪಾಜೆ ಘಾಟೀಲಿ ಲೋಡ್ ಲಾರಿ ಗೇರ್ ಇಳಿಸ್ಕೊಂಡು ತೆವಳುತ್ತಲ್ಲ ಹಂಗೆ. ತೆವಳುವಾಗ ವಾಸನೆ ಹೊಡೆಯುತ್ತೆ. ಮಜ್ಜೇಲಿರೋ ಕೆಲವು ಜೀವಕೋಶಗಳು ಸಿಎಕ್ಸ್‌ಸಿಎಲ್12 ಅನ್ನೋ ಪದಾರ್ಥ ಬಿಡ್ತಾ ಇರ್ತವೆ, ಅದನ್ನ ಹಿಡಿಯೋ ಮೂಗು ಸ್ಟೆಮ್ ಸೆಲ್ ಮೇಲಿರುತ್ತೆ, ಆ ಮೂಗಿನ ಹೆಸರು ಸಿಎಕ್ಸ್‌ಸಿಆರ್4. ಹೆಸರು ಬಾಯಲ್ಲಿ ತಿರುಗಲ್ಲ ಬಿಡಿ, ಆದ್ರೆ ಸಂಜೆ ರಸ್ತೇಲಿ ನಡ್ಕೊಂಡು ಹೋಗುವಾಗ ಯಾರ ಮನೇಲಿ ಪಂದಿ ಕರಿಗೆ ಕಾಚಂಪುಳಿ ಬಿದ್ದಿದೆ ಅಂತ ನಿಮ್ಮ ಮೂಗಿಗೆ ಗೊತ್ತಾಗಲ್ವಾ, ಇದೂ ಅದೇ. ವಾಸನೆ ಸಿಕ್ಕಿದ ತಕ್ಷಣ ಸೆಲ್ಲಿನ ಮೈಮೇಲಿರೋ ಇನ್ನೊಂದು ಅಂಟು ಪ್ರೋಟೀನ್ ಚುರುಕಾಗಿ ಗೋಡೆಗೆ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಆಮೇಲೆ ಗೋಡೆ ಸಂದಿಯಲ್ಲಿ ನುಸುಳಿ ಒಳಗೆ. ಇಷ್ಟೆಲ್ಲ ಆಗೋಕೆ ದಿನಗಟ್ಟಲೆ ಬೇಡ, ಕೆಲವು ಗಂಟೆ, ಹೆಚ್ಚಂದ್ರೆ ಒಂದೆರಡು ದಿನ. ತಲುಪೋದು ಬೇಗ, ಬೇರು ಬಿಡೋದು ನಿಧಾನ, ಅದಕ್ಕೆ ಕೆಳಗೆ ಬರ್ತೀನಿ.

ನಿಮಗೆ ಐದು ದಿನ ಇಂಜೆಕ್ಷನ್ ಕೊಟ್ಟಿದ್ರಲ್ಲ, ಸೊಂಟ ಬೆನ್ನೆಲ್ಲ ನೋವು ಬಂದಿರುತ್ತೆ, ಜಿ-ಸಿಎಸ್‌ಎಫ್ ಅಂತ ಅದು. ಅದು ಮಾಡಿದ್ದು ಇದರ ಉಲ್ಟಾ. ಮಜ್ಜೇಲಿ ಆ ವಾಸನೆ ಕಮ್ಮಿ ಮಾಡಿ ಅಂಟು ಸಡಿಲ ಮಾಡುತ್ತೆ, ನಿಮ್ಮ ಸ್ಟೆಮ್ ಸೆಲ್‌ಗಳು "ಮನೇಲಿ ಯಾಕೋ ಸರಿ ಇಲ್ಲ" ಅಂತ ರಸ್ತೆಗೆ ಬರ್ತವೆ, ಅಲ್ಲಿ ಮಿಷಿನ್ ಹಾಕಿ ಹಿಡೀತಾರೆ. ಕೆಲವರಿಗೆ ಆ ಇಂಜೆಕ್ಷನ್ನಲ್ಲಿ ಸಾಕಾಗೋಷ್ಟು ಹೊರಗೆ ಬರ್ಲಿಲ್ಲ ಅಂದ್ರೆ ಪ್ಲೆರಿಕ್ಸಾಫಾರ್ ಅಂತ ಇನ್ನೊಂದು ಔಷಧಿ ಇದೆ, ಅದು ನೇರ ಹೋಗಿ ಮೂಗು ಮುಚ್ಚಿಬಿಡುತ್ತೆ. ಬರೋದಕ್ಕೂ ಹೋಗೋದಕ್ಕೂ ಒಂದೇ ಬಾಗಿಲು, ಒಂದೇ ಚಿಲಕ.

ಇನ್ನು ಗುಂಡಿ. ಗುಂಡಿ ತೋಡಿದ್ದಾರೆ ಸರ್, ನಿಮಗೆ ಕಾಣ್ಲಿಲ್ಲ ಅಷ್ಟೇ. ಚೀಲ ಹಾಕೋಕೆ ಮುಂಚೆ ಒಂದು ವಾರ ನಿಮ್ಮ ತಮ್ಮನಿಗೆ ಜೋರು ಕೀಮೋ ಕೊಟ್ಟಿರ್ತಾರೆ, ಕೆಲವರಿಗೆ ರೇಡಿಯೇಷನ್ನೂ ಸೇರಿಸಿ. ಬೋರರ್ ಹುಳು ಹೊಡೆದ ಅರೇಬಿಕಾ ಗಿಡ ಕಿತ್ತು ಸುಟ್ಟು ಹಾಕದೆ ಅಲ್ಲೇ ಪಕ್ಕ ಹೊಸದು ನೆಟ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ. ರೋಗದ ಸೆಲ್ಲು ಹೋಗಬೇಕು, ಕೂರೋಕೆ ಜಾಗ ಖಾಲಿ ಆಗಬೇಕು, ಬಂದವರನ್ನ ಹೊಡೆದು ಓಡಿಸೋ ಹಳೇ ಕಾವಲುಗಾರರೂ ಸುಮ್ಮನಾಗಬೇಕು. ಇನ್ನೊಂದು ಚೆಂದದ ವಿಷಯ ಏನಂದ್ರೆ, ರೇಡಿಯೇಷನ್ ಕೀಮೋ ಬಿದ್ದ ಮಜ್ಜೆ ಆ ಸಿಎಕ್ಸ್‌ಸಿಎಲ್12 ವಾಸನೆಯನ್ನ ಇನ್ನೂ ಜಾಸ್ತಿ ಬಿಡುತ್ತೆ ಅಂತ ಇಲಿಗಳಲ್ಲಿ ಕಂಡಿದ್ದಾರೆ. ಖಾಲಿಯಾದ ಮನೆ ತಾನೇ ಜನ ಕರೆಯುತ್ತೆ.

ಪ್ರಶ್ನೆ: ಸ್ಟೆಮ್ ಸೆಲ್ 'ನಿಶ್' ಅಂತ ಪಾಠದಲ್ಲಿ ಬರುತ್ತೆ. ಕನ್ನಡದಲ್ಲಿ ಏನಂತಾರೆ, ಅದನ್ನ ಯಾರು ಕಂಡುಹಿಡಿದ್ರು? – ಬಿ.ಎಸ್ಸಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ನಿನ್ನ ಅಜ್ಜಿ ಮನೆ ಹಳೇದಾಗಿದ್ರೆ ಗೋಡೇಲಿ ದೀಪ ಇಡೋಕೆ ಒಂದು ಗೂಡು ಬಿಟ್ಟಿರ್ತಾರೆ ನೋಡಮ್ಮ, ನಿಶ್ ಅಂದ್ರೆ ಅದೇ. ಗೂಡು ಅಂತ ಬರಿ, ಮಾರ್ಕ್ಸ್ ಕಟ್ ಮಾಡಿದ್ರೆ ನನಗೆ ಪತ್ರ ಹಾಕು.

1961ರಲ್ಲಿ ಕೆನಡಾದ ಟೊರಾಂಟೋದಲ್ಲಿ ಟಿಲ್ ಮತ್ತು ಮೆಕಲಾಕ್ ಅನ್ನೋ ಇಬ್ಬರು, ರೇಡಿಯೇಷನ್ ಕೊಟ್ಟ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿ ಸುಮಾರು ಹತ್ತು ದಿನದ ನಂತರ ನೋಡಿದ್ರೆ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟು ಎದ್ದಿದ್ವು. ಒಂದೊಂದು ಗಂಟೂ ಒಂದೊಂದೇ ಸೆಲ್ಲಿಂದ ಬೆಳೆದಿದ್ದು ಅಂತ ಮುಂದೆ ಗಟ್ಟಿಯಾಯ್ತು. ಸ್ಟೆಮ್ ಸೆಲ್ ಅನ್ನೋದು ಬರೀ ಊಹೆ ಅಲ್ಲ, ಎಣಿಸಬಹುದಾದ ವಸ್ತು ಅಂತಾಗಿದ್ದು ಅಲ್ಲಿಂದ. ಆದ್ರೆ ಒಂದು ತಕರಾರು ಉಳೀತು, ಗುಲ್ಮದಲ್ಲಿ ಬೆಳೆದ ಆ ಸೆಲ್‌ಗಳು ಮಜ್ಜೇಲಿರೋದರಷ್ಟು ಬಾಳಿಕೆ ಬರ್ತಿರ್ಲಿಲ್ಲ. 1978ರಲ್ಲಿ ರೇ ಸ್ಕೋಫೀಲ್ಡ್ ಹೇಳಿದ್ರು, ಸೆಲ್ಲು ಸ್ಟೆಮ್ ಸೆಲ್ ಆಗಿ ಉಳಿಯೋಕೆ ಅದರ ಗುಣ ಒಂದೇ ಸಾಲದು, ಕೂತ ಜಾಗಾನೂ ಬೇಕು, ಗೂಡು ತಪ್ಪಿದ್ರೆ ಅದು ಬೆಳೆದು ಬಲಿತು ಮಾಮೂಲಿ ರಕ್ತಕಣ ಆಗಿ ಮುಗಿದುಹೋಗುತ್ತೆ ಅಂತ. ಆಗ ಅದು ಬರೀ ವಾದ, ಗೂಡಲ್ಲಿ ಯಾರ್ಯಾರಿದ್ದಾರೆ ಅಂತ ಆಮೇಲೆ ಗೊತ್ತಾಗ್ತಾ ಬಂತು. ಮಜ್ಜೆಯ ರಕ್ತನಾಳದ ಒಳಪದರದ ಕೋಶಗಳು, ಅವುಗಳಿಗೆ ಅಂಟ್ಕೊಂಡು ಬಲೆ ಥರ ಚಾಚಿಕೊಂಡು ಸಿಎಕ್ಸ್‌ಸಿಎಲ್12 ಬಿಡೋ ಕೋಶಗಳು, ಹೀಗೆ. ಅಲ್ಲಿ ಆಕ್ಸಿಜನ್ನೂ ಕಮ್ಮಿ. ಅಸಲಿ ಸ್ಟೆಮ್ ಸೆಲ್ಲು ಅಲ್ಲಿ ಬಹುಪಾಲು ಸಮಯ ನಿದ್ದೇಲಿ ಇರುತ್ತೆ, ಅಪರೂಪಕ್ಕೆ ಎದ್ದು ಒಂದು ಎರಡಾಗುತ್ತೆ. ದಿನಾ ದುಡಿಯೋರು ಅದರ ಮಕ್ಕಳು ಮೊಮ್ಮಕ್ಕಳು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯವರಿಗೆ ಅವರ ಅಣ್ಣನ ಸ್ಟೆಮ್ ಸೆಲ್ ಹಾಕಿ ಇವತ್ತಿಗೆ ಒಂಬತ್ತು ದಿನ. ದಿನಾ ಬೆಳಿಗ್ಗೆ ಕೌಂಟ್ ಬರುತ್ತೆ, ದಿನಾ ಸೊನ್ನೆ ಹತ್ರಾನೇ. ಬಾಯೆಲ್ಲ ಹುಣ್ಣು, ನೀರು ನುಂಗೋಕೂ ಆಗ್ತಿಲ್ಲ, ಜ್ವರ ಬಂದು ಹೋಗ್ತಿದೆ. ಕೇಳಿದ್ರೆ "ಕಾಯ್ಬೇಕು" ಅಂತಾರೆ. ಸೆಲ್ಲು ಹಿಡ್ಕೊಳ್ಳಲೇ ಇಲ್ವಾ? ಮಗು ಊರಲ್ಲಿ ಅಜ್ಜಿ ಹತ್ರ ಇದೆ. – ಕುಶಾಲನಗರದವರು, ಬೆಂಗಳೂರಿಂದ ಬರೆದದ್ದು

ಉತ್ತರ: ಅಮ್ಮಾ, ಈ ಪತ್ರ ನನ್ನ ಕೈಗೆ ಬರೋ ಹೊತ್ತಿಗೆ ನಿಮಗೆ ಉತ್ತರ ಸಿಕ್ಕಿರುತ್ತೆ. ಆದ್ರೂ ಬರೀತೀನಿ, ಯಾಕಂದ್ರೆ ಇವತ್ತು ಇನ್ಯಾರೋ ಒಂಬತ್ತನೇ ದಿನದಲ್ಲಿ ಕೂತಿರ್ತಾರೆ.

ಒಂಬತ್ತನೇ ದಿನ ಸೊನ್ನೆ ಅನ್ನೋದು ಫೇಲ್ ಅಲ್ಲ. ಆ ಸೊನ್ನೆ ಮಾಡಿದ್ದು ಮುಂಚೆ ಕೊಟ್ಟ ಕೀಮೋ. ಬಾಯಿ ಹುಣ್ಣೂ ಅದರದ್ದೇ, ಬೇಗ ಬೇಗ ಬೆಳೆಯೋ ಒಳಚರ್ಮಕ್ಕೂ ಅದು ಹೊಡೆಯುತ್ತೆ. ಹೊಸ ಸೆಲ್‌ಗಳು ಮೊದಲ ಒಂದೆರಡು ದಿನದಲ್ಲೇ ಒಳಗೆ ಹೋಗಿ ಕೂತಿರ್ತವೆ, ಒಳಗೆ ಒಂದು ಎರಡಾಗಿ ಎರಡು ನಾಲ್ಕಾಗಿ ಕೆಲಸ ನಡೀತಿರುತ್ತೆ, ಆದ್ರೆ ಬಲಿತ ಕಣ ಹೊರಗೆ ರಕ್ತಕ್ಕೆ ಬಂದ್ರೆ ತಾನೇ ಲ್ಯಾಬಿನವರಿಗೆ ಕಾಣೋದು. ನಾವು ಮೊದ್ಲು ಕಾಯೋದು ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಕ್ಕೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು 500 ದಾಟಿ ಸತತ ಮೂರು ದಿನ ನಿಂತ್ರೆ, ಆ ಮೂರರಲ್ಲಿ ಮೊದಲನೇ ದಿನವನ್ನ ಎಂಗ್ರಾಫ್ಟ್ ಆದ, ಅಂದ್ರೆ ಸೆಲ್ಲು ಹಿಡ್ಕೊಂಡ ದಿನ ಅಂತ ಬರ್ಕೊಳ್ತೀವಿ. ರಕ್ತದಿಂದ ಮಿಷಿನ್ನಲ್ಲಿ ತೆಗೆದ ಸ್ಟೆಮ್ ಸೆಲ್ ಆದ್ರೆ ಇದಕ್ಕೆ ಸುಮಾರು ಎರಡು ವಾರ, ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ಆದ್ರೆ ಮೂರು ವಾರದ ಹತ್ರ, ಹೊಕ್ಕುಳಬಳ್ಳಿ ರಕ್ತ ಆದ್ರೆ ಇನ್ನೂ ನಿಧಾನ. 28ನೇ ದಿನದ ತನಕ ಏರದೇ ಇದ್ರೆ ಆಗ ಹಿಡ್ಕೊಳ್ಳಲಿಲ್ಲ ಅಂತ ಮಾತಾಡೋದು. ಒಂಬತ್ತು ಎಲ್ಲಿ, ಇಪ್ಪತ್ತೆಂಟು ಎಲ್ಲಿ.

ಕೌಂಟ್ ಏರೋಕೆ ಶುರುವಾದಾಗ 100 ಇದ್ದದ್ದು 300 ಆಗಿ ಮರುದಿನ 250 ಆಗಬಹುದು, ಅದಕ್ಕೆ ರಾತ್ರಿಯೆಲ್ಲ ಎದ್ದು ಕೂರಬೇಡಿ. ಕೆಲವರಿಗೆ ಆ ದಿನಗಳಲ್ಲಿ ಸೊಂಟ, ಎದೆಮೂಳೆ ನೋವು ಬರುತ್ತೆ. ಮೂಳೆ ಒಳಗೆ ಜನ ತುಂಬ್ತಿದ್ದಾರೆ ಅಂತ ನಾನು ರೋಗಿಗಳಿಗೆ ಹೇಳ್ತಿದ್ದೆ, ನೋವಲ್ಲೂ ನಗೋರು. ಪ್ಲೇಟ್‌ಲೆಟ್ ಇನ್ನೂ ಲೇಟು, ಹೊರಗಿಂದ ಹಾಕದೇ 20,000 ದಾಟಿ ಒಂದು ವಾರ ನಿಂತ್ರೆ ಅದೂ ಹಿಡೀತು ಅಂತ. ಕೆಂಪು ಕಣ ಆರಾಮಾಗಿ ಬರುತ್ತೆ, ಆರೋಗ್ಯವಂತ ಮಜ್ಜೆ ದಿನಕ್ಕೆ 20,000 ಕೋಟಿಯಷ್ಟು ಕೆಂಪು ಕಣ ಮಾಡುತ್ತೆ, ಆ ಫ್ಯಾಕ್ಟರಿ ಮತ್ತೆ ಆ ಮಟ್ಟಕ್ಕೆ ಬರೋಕೆ ಟೈಮ್ ಬೇಡ್ವಾ.

ಒಂದು ಮಾತು ಮಾತ್ರ ಮೊದಲೇ ತಿಳ್ಕೊಂಡಿರಿ, ಕೌಂಟ್ ಬಂತು ಅಂದ ತಕ್ಷಣ ಎಲ್ಲ ಮುಗೀತು ಅಂತಲ್ಲ. ಮೊದಲು ಬರೋ ಬಿಳಿ ಕಣಗಳು ಬಹುಪಾಲು ಚೀಲದಲ್ಲಿದ್ದ ಅಲ್ಪಾಯುಷಿ ಸೆಲ್‌ಗಳ ಸಂತಾನ, ಬೇಗ ಎದ್ದು ಬೇಗ ದಣಿಯೋವು. ಗೂಡಲ್ಲಿ ಕೂತ ಅಸಲಿ ಸ್ಟೆಮ್ ಸೆಲ್ಲು ಕೆಲಸ ಕೈಗೆ ತಗೊಳ್ಳೋಕೆ ತಿಂಗಳುಗಳೇ ಬೇಕು. ತೋಟದವರಿಗಾದ್ರೆ, ಮೊದಲು ಹಾಲುವಾಣ ನೆರಳು ಕೊಡುತ್ತೆ, ಅತ್ತಿ ಹಲಸು ಆಮೇಲೆ ಏಳ್ತವೆ ಅಂತೀನಿ. ಹುಷಾರಾಗಿದ್ದಾರೆ ಅಂತ ಕಂಡ್ಮೇಲೂ ಡಾಕ್ಟ್ರು ತಿಂಗಳಿಗೊಂದ್ಸಲ ಕರೆಸಿ ರಕ್ತ ತೆಗೆದು ಇದ್ರಲ್ಲಿ ಅಣ್ಣನದೆಷ್ಟು ತಮ್ಮನದೆಷ್ಟು ಅಂತ ಕೈಮೆರಿಸಂ ಟೆಸ್ಟ್ ಮಾಡಿಸೋದು ಅದಕ್ಕೇ. ಮಗು ಹತ್ರ ದಿನಾ ವಿಡಿಯೋ ಕಾಲ್ ಮಾಡಿಸಿ, ಅವರಿಗೆ ಮಾತಾಡೋಕಾಗದಿದ್ರೂ ಪರವಾಗಿಲ್ಲ, ನೋಡ್ಲಿ.

ಪ್ರಶ್ನೆ: ನಮ್ಮ ಒಕ್ಕದಲ್ಲಿ (ಅಂದ್ರೆ ಅಪ್ಪನ ಕಡೆಯ ಕುಟುಂಬದಲ್ಲಿ) ದೊಡ್ಡವರು ಚಿಕ್ಕವರು ಸೇರಿ ನೂರು ಜನದ ಮೇಲಿದ್ದೀವಿ, ಎಲ್ಲರೂ ಒಂದೇ ಐನ್‌ಮನೆಯವರು, ಒಂದೇ ರಕ್ತ. ದೊಡ್ಡಪ್ಪನ ಮಗನಿಗೆ ಟ್ರಾನ್ಸ್‌ಪ್ಲಾಂಟ್ ಬೇಕಂತೆ. ಒಬ್ಬರದ್ದಾದ್ರೂ ಮ್ಯಾಚ್ ಆಗೇ ಆಗುತ್ತಲ್ವಾ? ಬ್ಲಡ್ ಗ್ರೂಪ್ ಸೇಮ್ ಇರೋರು ಮೂವತ್ತು ಜನ ರೆಡಿ ಇದ್ದಾರೆ. – ನಾಪೋಕ್ಲು

ಉತ್ತರ: ನಿಮ್ಮ ಒಕ್ಕದ ಒಗ್ಗಟ್ಟು ನೋಡಿ ಖುಷಿಯಾಯ್ತು, ಆದ್ರೆ ಲೆಕ್ಕ ಬೇರೆ ಇದೆ. ಬ್ಲಡ್ ಗ್ರೂಪ್ ಮ್ಯಾಚ್ ಆಗಲೇಬೇಕು ಅಂತಿಲ್ಲ, ಆಗಬೇಕಾಗಿರೋದು ಇದು ನಮ್ಮ ಸೆಲ್ಲು, ಇದು ಹೊರಗಿನದ್ದು ಅಂತ ಗುರುತು ಹಿಡಿಯೋಕೆ ಸೆಲ್ಲಿನ ಮೇಲಿರೋ ಚಹರೆ, ಅಂದ್ರೆ ಎಚ್‌ಎಲ್‌ಎ. ಅದರ ಜೀನ್‌ಗಳು ಆರನೇ ಕ್ರೋಮೋಸೋಮ್ ಮೇಲೆ ಒಟ್ಟಿಗೆ ಒಂದು ಕಟ್ಟಾಗಿ ಇರ್ತವೆ, ಒಂದು ಕಟ್ಟು ಅಪ್ಪನಿಂದ ಒಂದು ಕಟ್ಟು ಅಮ್ಮನಿಂದ. ಒಕ್ಕದ ಹೆಸರು ಅಪ್ಪನ ಕಡೆಯಿಂದ ಮಾತ್ರ ಹರಿಯುತ್ತೆ, ಎಚ್‌ಎಲ್‌ಎ ಹಂಗಲ್ಲ, ಅದ್ರಲ್ಲಿ ಅರ್ಧ ಬೇರೆ ಒಕ್ಕದಿಂದ ಮದುವೆಯಾಗಿ ಬಂದ ಅಮ್ಮಂದು. ನಿಮ್ಮ ದೊಡ್ಡಮ್ಮ ಬೇರೆ ಮನೆಯವರು, ನಿಮ್ಮ ತಾಯಿ ಇನ್ನೊಂದು ಮನೆಯವರು, ಹಂಗಿದ್ಮೇಲೆ ನೀವೂ ನಿಮ್ಮ ದೊಡ್ಡಪ್ಪನ ಮಗನೂ ಪೂರ್ತಿ ಮ್ಯಾಚ್ ಆಗೋದು ಅದೃಷ್ಟ ಇದ್ರೆ ಮಾತ್ರ. ಒಂದೇ ತಂದೆ ತಾಯಿಯ ಮಕ್ಕಳಲ್ಲೇ ಒಬ್ಬೊಬ್ಬರಿಗೆ ನಾಲ್ಕರಲ್ಲಿ ಒಂದು ಚಾನ್ಸು.

ಅಂದ್ರೆ ಕೈ ಚೆಲ್ಲಿ ಕೂರೋದು ಅಂತಲ್ಲ. ಅಪ್ಪ, ಅಮ್ಮ, ಮಕ್ಕಳು ಯಾವಾಗ್ಲೂ ಅರ್ಧ ಮ್ಯಾಚ್ ಇದ್ದೇ ಇರ್ತಾರೆ, ಮೊದಲೆಲ್ಲ ಅದು ಭಾರೀ ಅಪಾಯ ಅನ್ನೋರು, ಈಗ ಟ್ರಾನ್ಸ್‌ಪ್ಲಾಂಟ್ ಆಗಿ ಮೂರು ನಾಲ್ಕು ದಿನಕ್ಕೆ ಸೈಕ್ಲೋಫಾಸ್ಫಮೈಡ್ ಅನ್ನೋ ಔಷಧಿ ಕೊಟ್ಟು ಜಗಳಕ್ಕೆ ನಿಂತ ಬಿಳಿ ಕಣಗಳನ್ನ ತಗ್ಗಿಸೋ ವಿಧಾನ ಬಂದು ಅರ್ಧ ಮ್ಯಾಚಲ್ಲೂ ಮಾಡ್ತಾರೆ. ಇನ್ನೊಂದು ದಾರಿ ರಿಜಿಸ್ಟ್ರಿ, ಅಂದ್ರೆ ಸ್ಟೆಮ್ ಸೆಲ್ ಕೊಡೋಕೆ ಒಪ್ಪಿದವರ ಪಟ್ಟಿ. ಚೆನ್ನೈಯ ದಾತ್ರಿ ಇದೆ, ಬೆಂಗಳೂರಲ್ಲಿ ಡಿಕೆಎಂಎಸ್ ಇದೆ, ಕೆನ್ನೆ ಒಳಗೆ ಹತ್ತಿಕಡ್ಡಿ ಆಡಿಸಿ ಕೊಟ್ರೆ ಸಾಕು, ನಿಮ್ಮ ಹೆಸರು ಪಟ್ಟಿಗೆ ಸೇರುತ್ತೆ. ಆ ಮೂವತ್ತು ಜನ ರೆಡಿ ಇದ್ದಾರಲ್ಲ, ಅವರನ್ನ ಅಲ್ಲಿಗೆ ಕಳ್ಸಿ. ಎಚ್‌ಎಲ್‌ಎ ವಂಶದ ಜೊತೆ ಬರೋದ್ರಿಂದ ಹೊರಗಿನವರಲ್ಲಿ ಮ್ಯಾಚ್ ಸಿಗೋ ಸಾಧ್ಯತೆ ನಮ್ಮ ನಮ್ಮ ಜನಾಂಗದವರಲ್ಲೇ ಜಾಸ್ತಿ, ಕೊಡವರಂಥ ಸಣ್ಣ ಸಮುದಾಯದವರು ಪಟ್ಟೀಲಿ ಇಲ್ಲ ಅಂದ್ರೆ ಹುಡುಕೋದೆಲ್ಲಿ. ಹಾಕಿ ಟೂರ್ನಮೆಂಟಿಗೆ ಅಷ್ಟು ಕುಟುಂಬ ಒಟ್ಟಿಗೆ ಸೇರ್ತೀರಿ, ಅಲ್ಲೇ ಒಂದು ಟೇಬಲ್ ಹಾಕ್ಸಿದ್ರೆ ಆಯ್ತು ಅಂತ ನನಗೆ ಪ್ರತಿ ವರ್ಷ ಅನ್ಸುತ್ತೆ. ಬೆನ್ನುಮೂಳೆ ಕೊರೀತಾರೆ ಅಂತ ಹೆದರ್ಕೊಂಡೋರಿಗೆ ಮೇಲೆ ಸಿದ್ದಾಪುರದವರ ಪತ್ರ ಓದಿ ಹೇಳಿ. ಮಜ್ಜೆಯನ್ನೇ ತೆಗೀಬೇಕಾದ್ರೂ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ತೆಗೆಯೋದು, ಬೆನ್ನುಹುರಿ ತಂಟೆಗೇ ಹೋಗಲ್ಲ. ಕೊಟ್ಟದ್ದು ಕೆಲವು ವಾರದಲ್ಲಿ ಮತ್ತೆ ತುಂಬ್ಕೊಳ್ಳುತ್ತೆ.

ಪ್ರಶ್ನೆ: ಅಕ್ಕನ ಸೆಲ್ ಹಾಕಿಸ್ಕೊಂಡ ತಮ್ಮನಿಗೆ ಅಕ್ಕನ ಬುದ್ಧಿ ಬರುತ್ತಾ? ಅಡುಗೆ ಕಲಿತಾನಾ? – ಸೋಮವಾರಪೇಟೆ

ಉತ್ತರ: ಬುದ್ಧಿ ಬರಲ್ಲ, ಬ್ಲಡ್ ಗ್ರೂಪ್ ಬರುತ್ತೆ. ಅಕ್ಕ ಓ ಪಾಸಿಟಿವ್, ತಮ್ಮ ಬಿ ಪಾಸಿಟಿವ್ ಆಗಿದ್ರೆ ಕೆಲವು ತಿಂಗಳಲ್ಲಿ ಅವನೂ ಓ ಪಾಸಿಟಿವ್, ಹಳೇ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ, ಅವು ಮುಗೀತಾ ಹೋದ ಹಾಗೆ ಬದಲಾಗುತ್ತೆ. ಹಳೇ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬರೆದಿರೋದನ್ನ ನಂಬಬೇಡಿ ಅಂತ ಮನೇಲಿ ಎಲ್ಲರಿಗೂ ಹೇಳಿಡಿ, ಇದು ತಮಾಷೆ ಅಲ್ಲ. ಅವನ ರಕ್ತ ಟೆಸ್ಟ್ ಮಾಡಿದ್ರೆ ಬಿಳಿ ಕಣಗಳಲ್ಲಿ ಹೆಣ್ಣಿನ ಎಕ್ಸ್ ಎಕ್ಸ್ ಕ್ರೋಮೋಸೋಮ್ ಸಿಗುತ್ತೆ, ಕೂದಲ ಬುಡ ಟೆಸ್ಟ್ ಮಾಡಿದ್ರೆ ಅವನದೇ. ಅಡುಗೆ ನೀವೇ ಕಲಿಸಿ.

ಪ್ರಶ್ನೆ: ಮಗನಿಗೆ ಟ್ರಾನ್ಸ್‌ಪ್ಲಾಂಟ್ ಆಗಿ ನಾಲ್ಕು ತಿಂಗಳು, ಕೌಂಟ್ ಚೆನ್ನಾಗಿದೆ, ಮನೆಗೆ ಬಂದಿದ್ದಾನೆ. ಸೈಕ್ಲೋಸ್ಪೊರಿನ್ ಮಾತ್ರೆ ನಡೀತಿದೆ. ಕೊಡವರ ಕಕ್ಕಡ ತಿಂಗಳ 18ನೇ ದಿನ ಹತ್ರ ಬಂತು, ಮದ್ದು ಸೊಪ್ಪಿನ ಪಾಯಸ ಒಂದು ಲೋಟ ಕೊಡಬಹುದಾ? ಹದಿನೆಂಟು ಥರದ ಮದ್ದು ಇರುತ್ತೆ ಅಂತಾರಲ್ಲ, ಶಕ್ತಿ ಬರ್ಲಿ ಅಂತ. ತೋಟಕ್ಕೆ ಹೋಗ್ತೀನಿ ಅಂತಲೂ ಹಠ ಮಾಡ್ತಿದ್ದಾನೆ. – ಪೊನ್ನಂಪೇಟೆ

ಉತ್ತರ: ಅಮ್ಮಾ, ನನಗೂ ಆ ನೇರಳೆ ಬಣ್ಣದ ಪಾಯಸ ಅಂದ್ರೆ ಜೀವ, ಆದ್ರೆ ಈ ವರ್ಷ ಅವನಿಗೆ ಬೇಡ. ಸೈಕ್ಲೋಸ್ಪೊರಿನ್ನು ರಕ್ತದಲ್ಲಿ ಇಷ್ಟೇ ಇರಬೇಕು ಅಂತ ಅಳೆದು ಅಳೆದು ಕೊಡೋ ಮಾತ್ರೆ. ಕಮ್ಮಿಯಾದ್ರೆ ಅಣ್ಣನೋ ಅಕ್ಕನೋ ಕೊಟ್ಟ ಬಿಳಿ ಕಣಗಳು ಇವನ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳ್ತವೆ, ಜಾಸ್ತಿಯಾದ್ರೆ ಕಿಡ್ನಿಗೆ ಏಟು. ಹಿತ್ತಲಲ್ಲಿ ಬೆಳೆಯೋ ಚಕ್ಕೋತ ಹಣ್ಣು ತಿಂದ್ರೂ ಆ ಲೆಕ್ಕ ಏರುಪೇರಾಗುತ್ತೆ, ಅದನ್ನೂ ಕೊಡಬೇಡಿ. ಗಿಡಮೂಲಿಕೆ ಯಾವುದೇ ಇರ್ಲಿ ಅವನ ಡಾಕ್ಟ್ರನ್ನ ಕೇಳದೆ ಬೇಡ.

ಪಾಯಸದ್ದು ಇನ್ನೊಂದು ಫಜೀತಿ ಇದೆ. ಅದನ್ನ ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತೆ, ನಮಗೆಲ್ಲ ಅದು ಮದ್ದು ಹತ್ತಿದ ಗುರುತು. ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ಕೆಂಪು ಮೂತ್ರ ಅಂದ್ರೆ ಬಿಕೆ ವೈರಸ್‌ನಿಂದಾನೋ ಔಷಧಿಯಿಂದಾನೋ ಮೂತ್ರಕೋಶದಲ್ಲಿ ರಕ್ತ ಬರ್ತಿದೆ ಅಂತ ಗಾಬರಿ ಬೀಳೋ ಲಕ್ಷಣ. ನೀವು ಪಾಯಸದ ಬಣ್ಣ ಅಂತ ಸುಮ್ಮನಿದ್ರೂ ಕಷ್ಟ, ಅವರು ರಕ್ತ ಅಂತ ರಾತ್ರೋರಾತ್ರಿ ಬೆಂಗಳೂರಿಗೆ ಕರೆಸಿದ್ರೂ ಕಷ್ಟ.

ತೋಟದ ವಿಷಯಕ್ಕೆ ಬಂದ್ರೆ, ಕೌಂಟ್ ಚೆನ್ನಾಗಿದೆ ಅನ್ನೋದು ನಿಜ, ಆದ್ರೆ ಕಣಗಳ ಸಂಖ್ಯೆ ಬಂದ ಹಾಗೆ ಅವುಗಳ ವಿದ್ಯೆ ಬಂದಿರಲ್ಲ. ಟಿ ಮತ್ತು ಬಿ ಅನ್ನೋ ಬಿಳಿ ಕಣಗಳು ಹೊಸದಾಗಿ ತಯಾರಾಗಿ ಪಳಗೋಕೆ ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ ಬೇಕು, ಚಿಕ್ಕವನಿದ್ದಾಗ ಹಾಕಿಸಿದ್ದ ಲಸಿಕೆಗಳನ್ನೂ ಎಷ್ಟೋ ಮಟ್ಟಿಗೆ ಮೊದಲಿಂದ ಹಾಕಿಸಬೇಕಾಗುತ್ತೆ. ಅದಕ್ಕೆ ನನಗೆ ಹೆದರಿಕೆ ಇರೋದು ಆಸ್ಪರ್ಜಿಲಸ್ ಅನ್ನೋ ಬೂಸ್ಟಿನ ಬಗ್ಗೆ. ಕೊಳೆತ ತರಗೆಲೆ, ಗೊಬ್ಬರ ಗುಂಡಿ, ಕಾಫಿ ಸಿಪ್ಪೆ ರಾಶಿ, ಮಳೆಗಾಲದಲ್ಲಿ ನಮ್ಮ ಗೋಡೆಗಳ ಮೇಲೆ ಏಳೋ ಕಪ್ಪು ಬೂಸ್ಟು, ಇಲ್ಲೆಲ್ಲ ಅದರ ಸಂತೆ. ನಮ್ಮಂಥವರು ದಿನಾ ಉಸಿರಲ್ಲಿ ಎಳ್ಕೊಂಡ್ರೂ ಏನೂ ಆಗಲ್ಲ, ಅವನ ಶ್ವಾಸಕೋಶಕ್ಕೆ ಅದು ದೊಡ್ಡ ರೋಗ. ಜೇನು ಹಸಿಯಾಗಿ ಬೇಡ, ಕಾಡಿಂದ ತಂದ ಅಣಬೆ ಬೇಡ. ಅಕ್ಕಿ ರೊಟ್ಟಿ, ಬಿಸಿ ಬಿಸಿ ನೂಪುಟ್ಟು, ಚೆನ್ನಾಗಿ ಬೆಂದ ಕೋಳಿ ಸಾರು ಧಾರಾಳವಾಗಿ ಕೊಡಿ, ನಿನ್ನೆದ್ದು ಬಿಸಿ ಮಾಡಿ ಕೊಡಬೇಡಿ. ಮಲಗೋ ಕೋಣೆಗೆ ಗೋಡೆ ಒಣಗಿರೋದನ್ನ ನೋಡಿ ಕೊಡಿ, ಬೂಸ್ಟು ಕೆರೆದು ಸುಣ್ಣ ಹೊಡೆಸೋದಿದ್ರೆ ಅವನನ್ನ ಎರಡು ದಿನ ಬೇರೆ ಕಡೆ ಕಳ್ಸಿ ಆಮೇಲೆ ಮಾಡ್ಸಿ. ಹಠ ಜಾಸ್ತಿಯಾದ್ರೆ ಮಳೆ ನಿಂತ ದಿನ ಜೀಪಲ್ಲಿ ಕೂರಿಸ್ಕೊಂಡು ಕಿಟಕಿ ಏರಿಸಿ ತೋಟದ ರಸ್ತೇಲಿ ಒಂದು ಸುತ್ತು ಹಾಕಿಸ್ಕೊಂಡು ಬನ್ನಿ, ಇಳಿಯೋದು ಮಾತ್ರ ಬೇಡ.